ಜೇನಿಗೂ ಸಾವಿನ ಸುದ್ದಿ ಹೇಳುತ್ತಿದ್ದ ಊರು

ಇಂಗ್ಲೆಂಡಿನ ಚರಿತ್ರೆ ಎಂದರೆ ನಮಗೆ ಶಾಲೆಯ ದಿನಗಳಿಂದಲೂ ರಾಜರಾಣಿಯರ, ಪಾರ್ಲಿಮೆಂಟಿನ, ಈಸ್ಟ್ ಇಂಡಿಯಾ ಕಂಪೆನಿಯ ಚರಿತ್ರೆ. ನಮ್ಮನ್ನು ಆಳಿದವರ ದೇಶವಾದ್ದರಿಂದ ಅಲ್ಲಿದ್ದವರೆಲ್ಲ ಆಳುವವರೇ ಎಂಬ ಭಾವನೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಉಳಿದುಬಿಟ್ಟಿದೆ. ಆದರೆ ಅದೇ ದೇಶದಲ್ಲಿ ಆಳಿಸಿಕೊಂಡವರೂ ಇದ್ದರು. ಲಂಡನ್ನಿನ ವಿದ್ವಾಂಸರು ಕಾಲಿಡದ, ಕಾಲಿಟ್ಟರೂ ಕಿವಿಗೊಡದ ಹಳ್ಳಿಗಳಿದ್ದವು. ಅಂಥ ಒಂದು ಊರಿನ ಕಥೆಯನ್ನು ನಾವು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಆ ಊರಿನ ಹೆಸರು ಡ್ಯಾನ್‌ಬಿ.

ಇಂಗ್ಲೆಂಡಿನ ಈಶಾನ್ಯದಲ್ಲಿ, ಯಾರ್ಕ್‌ಶೈರ್ ಸೀಮೆಯ ಉತ್ತರದ ಅಂಚಿನಲ್ಲಿ, ಸಮುದ್ರಕ್ಕೆ ಸಮೀಪವಾಗಿ ಒಂದು ಎತ್ತರದ ಬೆಟ್ಟಸೀಮೆ ಇದೆ. ಅಲ್ಲಿ ಮರಗಳು ವಿರಳ. ಕಣ್ಣು ಹಾಯಿಸಿದಷ್ಟು ದೂರವೂ ಹೆದರ್ ಎಂಬ ಕುರುಚಲು ಪೊದೆ, ನಡುನಡುವೆ ಜೌಗು ನೆಲ, ತಡೆಯಿಲ್ಲದೆ ಬೀಸುವ ಗಾಳಿ. ಆಗಸ್ಟ್ ತಿಂಗಳಲ್ಲಿ ಪೊದೆಗಳು ಹೂಬಿಟ್ಟಾಗ ಬೆಟ್ಟವೆಲ್ಲ ನೇರಳೆಯಾಗುತ್ತದೆ. ಉಳಿದ ತಿಂಗಳುಗಳಲ್ಲಿ ಕಂದು ಬಣ್ಣ. ಇಂಥ ನೆಲವನ್ನು ಅಲ್ಲಿಯವರು ಮೂರ್ ಎಂದು ಕರೆಯುತ್ತಾರೆ. ಈ ಬೆಟ್ಟಗಳ ನಡುವೆ ಎಸ್ಕ್ ಎಂಬ ನದಿ ಪೂರ್ವಕ್ಕೆ ಹರಿದು ವಿಟ್ಬಿ ಬಂದರಿನಲ್ಲಿ ಸಮುದ್ರ ಸೇರುತ್ತದೆ. ಅದನ್ನು ಕೂಡಿಕೊಳ್ಳುವ ಸಣ್ಣ ತೊರೆಗಳು ಕೊರೆದ ಕಣಿವೆಗಳಲ್ಲಿ ಹೊಲ, ಮನೆ, ಕೊಟ್ಟಿಗೆಗಳು. ಅವುಗಳ ಮೇಲೆ ಮೂರ್. ಡ್ಯಾನ್‌ಬಿ ಇರುವುದು ಅಂಥ ಜಾಗದಲ್ಲಿ.

ಡ್ಯಾನ್‌ಬಿ ಒಂದು ಹಳ್ಳಿಯ ಹೆಸರು ಮಾತ್ರವಲ್ಲ, ಒಂದು ಪ್ಯಾರಿಷ್‌ನ ಹೆಸರೂ ಹೌದು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಭಕ್ತರ ವಲಯ ಎಂಬ ಅರ್ಥ ನಮಗೆ ಗೊತ್ತು. ಇಂಗ್ಲೆಂಡಿನಲ್ಲಿ ಅದು ಅಷ್ಟಕ್ಕೇ ನಿಲ್ಲಲಿಲ್ಲ. 1538ರಿಂದ ಪ್ರತಿಯೊಂದು ಪ್ಯಾರಿಷ್ ಕೂಡ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಬಂತು. 1601ರ ಬಡವರ ಕಾನೂನು ನಿರ್ಗತಿಕರನ್ನು ಸಾಕುವ ಹೊಣೆಯನ್ನೂ ಪ್ಯಾರಿಷ್‌ಗೇ ವಹಿಸಿತು. 1662ರ ಇನ್ನೊಂದು ಕಾನೂನಿನ ಪ್ರಕಾರ, ಬೇರೆಡೆಯಿಂದ ಬಂದ ಬಡವನನ್ನು ಅವನ ಸ್ವಂತ ಪ್ಯಾರಿಷ್‌ಗೆ ಹಿಂದಕ್ಕೆ ಅಟ್ಟಬಹುದಿತ್ತು. ಹೀಗೆ ಒಬ್ಬ ಮನುಷ್ಯ ಹುಟ್ಟಿದ್ದು, ಸತ್ತದ್ದು, ಹಸಿದದ್ದು ಎಲ್ಲವೂ ಪ್ಯಾರಿಷ್‌ನ ಲೆಕ್ಕಕ್ಕೆ ಬರುತ್ತಿತ್ತು. ಆ ದಾಖಲೆಗಳಲ್ಲಿ ಇಲ್ಲದ್ದು ಒಂದೇ. ಆ ಮನುಷ್ಯ ಏನು ಯೋಚಿಸುತ್ತಿದ್ದ, ಯಾವುದಕ್ಕೆ ಹೆದರುತ್ತಿದ್ದ, ರಾತ್ರಿ ಒಲೆಯ ಮುಂದೆ ಕೂತು ಮಕ್ಕಳಿಗೆ ಏನು ಹೇಳುತ್ತಿದ್ದ ಎಂಬುದು.

ಡ್ಯಾನ್‌ಬಿಯ ಮಟ್ಟಿಗೆ ಆ ಕೊರತೆಯನ್ನು ತುಂಬಲು ಒಬ್ಬ ಪಾದ್ರಿ ಪ್ರಯತ್ನಿಸಿದರು. ಅವರ ಬಗ್ಗೆ ಹೇಳುವ ಮುನ್ನ ಊರಿನ ಹಳೆಯ ಕಥೆಯನ್ನು ಸ್ವಲ್ಪ ನೋಡೋಣ.

ಹೆಸರಿನಲ್ಲಿ ಉಳಿದ ಚರಿತ್ರೆ

ಡ್ಯಾನ್‌ಬಿ ಎಂದರೆ ಡೇನರ ಊರು. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯಿಂದ ಹಡಗುಗಳಲ್ಲಿ ಬಂದ ಜನ ಉತ್ತರ ಇಂಗ್ಲೆಂಡನ್ನು ಗೆದ್ದರು. 876ರಲ್ಲಿ ಅವರು ಅಲ್ಲಿನ ಭೂಮಿಯನ್ನು ತಮ್ಮೊಳಗೆ ಹಂಚಿಕೊಂಡು ಉಳುಮೆಗೆ ತೊಡಗಿದರೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಕೊಳ್ಳೆ ಹೊಡೆಯಲು ಬಂದವರು ಒಕ್ಕಲಿಗರಾದರು. ಈ ಭಾಗದಲ್ಲಿ 'ಬಿ' ಎಂದು ಕೊನೆಗೊಳ್ಳುವ ಊರಿನ ಹೆಸರುಗಳು ಸಾಕಷ್ಟಿವೆ. ಅವೆಲ್ಲ ಆ ಕಾಲದ ಗುರುತುಗಳು.

ಈ ಡೇನರನ್ನು ಬರೀ ಕಾಡುಜನರೆಂದು ತಿಳಿದರೆ ತಪ್ಪಾಗುತ್ತದೆ. 2007ರಲ್ಲಿ ಇದೇ ಯಾರ್ಕ್‌ಶೈರ್‌ನ ಹ್ಯಾರೋಗೇಟ್ ಪಟ್ಟಣದ ಬಳಿ ಹೊಲವೊಂದರಲ್ಲಿ ಹತ್ತನೇ ಶತಮಾನದ ಒಂದು ನಿಧಿ ಸಿಕ್ಕಿತು. ಅದರಲ್ಲಿದ್ದ 617 ನಾಣ್ಯಗಳ ನಡುವೆ ಸಮರ್ಖಂಡ್‌ನಲ್ಲಿ ಟಂಕಿಸಿದ, ಅರಬಿ ಲಿಪಿಯ ಬೆಳ್ಳಿಯ ದಿರ್ಹಮ್‌ಗಳೂ ಇದ್ದವು. ಮಧ್ಯ ಏಷ್ಯಾದ ಮುಸ್ಲಿಂ ವರ್ತಕರ ಕೈಯಿಂದ ಹೊರಟ ಬೆಳ್ಳಿ, ರಷ್ಯಾದ ನದಿಗಳನ್ನು ದಾಟಿ, ಉತ್ತರದ ಸಮುದ್ರ ದಾಟಿ ಯಾರ್ಕ್‌ಶೈರ್‌ನ ಮಣ್ಣಿಗೆ ಬಂದಿತ್ತು. ಮೂಲೆಯ ಊರುಗಳೆಂದು ನಾವು ಭಾವಿಸುವ ಸೀಮೆಗಳೂ ಜಗತ್ತಿನೊಂದಿಗೆ ಸಂಬಂಧ ಕಡಿದುಕೊಂಡಿರಲಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಉತ್ತರದ ಜನ ದಂಗೆಯೆದ್ದಾಗ 1069-70ರ ಚಳಿಗಾಲದಲ್ಲಿ ವಿಲಿಯಂ ದೊರೆಯ ಸೈನ್ಯ ಯಾರ್ಕ್‌ಶೈರ್‌ನ ಹಳ್ಳಿಗಳನ್ನು ಸುಟ್ಟು, ಧಾನ್ಯ ನಾಶ ಮಾಡಿ, ಜನರನ್ನು ಹಸಿವಿಗೆ ದೂಡಿತು. ಹದಿನೈದು ವರ್ಷಗಳ ನಂತರ, 1086ರಲ್ಲಿ ಡೂಮ್ಸ್‌ಡೇ ಎಂಬ ಕಂದಾಯದ ದಾಖಲೆ ಸಿದ್ಧವಾದಾಗಲೂ ಈ ಸೀಮೆಯ ಎಷ್ಟೋ ಊರುಗಳ ಮುಂದೆ 'ಪಾಳು' ಎಂದು ಬರೆಯಬೇಕಾಯಿತು. ಡ್ಯಾನ್‌ಬಿಯ ಹೆಸರು ಬರಹದಲ್ಲಿ ನಮಗೆ ಸಿಗುವುದೂ ಆ ದಾಖಲೆಯಲ್ಲೇ.

ಆಮೇಲೆ ಊರು ಒಬ್ಬ ಒಡೆಯನಿಂದ ಇನ್ನೊಬ್ಬನ ಕೈಗೆ ಹೋಗುತ್ತಲೇ ಇತ್ತು. ಮುಂದೆ ಸ್ಕಾಟ್ಲೆಂಡಿಗೆ ರಾಜರನ್ನು ಕೊಟ್ಟ ಬ್ರೂಸ್ ಮನೆತನ, ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿ ಕೋಟೆ ಕಟ್ಟಿದ ಲ್ಯಾಟಿಮರ್ ಮನೆತನ, ನಂತರ ನೆವಿಲ್‌ಗಳು. ನೆವಿಲ್ ಮನೆತನದ ಜಾನ್ ಲ್ಯಾಟಿಮರ್‌ನ ಹೆಂಡತಿಯಾಗಿದ್ದ ಕ್ಯಾಥರಿನ್ ಪಾರ್ ವಿಧವೆಯಾದ ಮೇಲೆ 1543ರಲ್ಲಿ ಎಂಟನೇ ಹೆನ್ರಿಯ ಆರನೇ ರಾಣಿಯಾದಳು. ಹದಿನೇಳನೇ ಶತಮಾನದ ನಡುವಿನಲ್ಲಿ ಊರು ಡಾನೆ ಮನೆತನದ ಕೈಸೇರಿತು. ಮುಂದೆ ಡೌನ್ ಪ್ರಭುಗಳೆಂಬ ಬಿರುದು ಪಡೆದವರು ಇವರೇ. ಈ ಹೆಸರುಗಳೆಲ್ಲ ಚರಿತ್ರೆಯ ಪುಸ್ತಕಗಳಲ್ಲಿವೆ. ಅವರ ಹೊಲ ಉತ್ತವರ ಹೆಸರುಗಳಿಲ್ಲ.

ಪಾದ್ರಿ ಬಂದ

1847ರಲ್ಲಿ ಜಾನ್ ಕ್ರಿಸ್ಟೋಫರ್ ಅಟ್ಕಿನ್‌ಸನ್ ಎಂಬ ಪಾದ್ರಿ ಡ್ಯಾನ್‌ಬಿಗೆ ಬಂದರು. ಆಗ ಅವರ ವಯಸ್ಸು 33. ಹುಟ್ಟಿದ್ದು ದಕ್ಷಿಣದ ಎಸೆಕ್ಸ್‌ನಲ್ಲಿ, ಓದಿದ್ದು ಕೇಂಬ್ರಿಜ್‌ನಲ್ಲಿ. ಅವರನ್ನು ನೇಮಿಸಿದ್ದು ಡೌನ್ ಪ್ರಭು. ಹುದ್ದೆಯಿಂದಲೂ ಭಾಷೆಯಿಂದಲೂ ವರ್ಗದಿಂದಲೂ ಅವರು ಊರಿಗೆ ಹೊರಗಿನವರು.

ಊರಿನ ಚರ್ಚ್ ಊರೊಳಗಿರಲಿಲ್ಲ. ಚದುರಿದ ಒಕ್ಕಲುಮನೆಗಳ ಕಣಿವೆಯೊಂದರಲ್ಲಿ, ಹಳ್ಳಿಯಿಂದ ಮೈಲಿಗೂ ಹೆಚ್ಚು ದೂರದಲ್ಲಿ ಅದು ಒಂಟಿಯಾಗಿ ನಿಂತಿತ್ತು. ಇಂದಿಗೂ ಅಲ್ಲೇ ನಿಂತಿದೆ. ಮೊದಲ ಬಾರಿ ಒಳಹೊಕ್ಕಾಗ ತಾವು ಕಂಡದ್ದನ್ನು ಅಟ್ಕಿನ್‌ಸನ್ ಮುಂದೆ ಸಂಕಟದಿಂದ ಬರೆದಿದ್ದಾರೆ. ಪೂಜಾವೇದಿಯ ಮೇಜು ಹುಳ ತಿಂದು ಓಲಾಡುತ್ತಿತ್ತು. ಅದರ ಮೇಲಿನ ಹೊದಿಕೆ ಕೊಳಕಾಗಿತ್ತು. ಯಾರೋ ಅಲ್ಲೇ ಊಟ ಮಾಡಿದ್ದರ ಚೂರುಗಳು ಬಿದ್ದಿದ್ದವು. ಅಧಿಕೃತ ಚರ್ಚ್ ಈ ಬೆಟ್ಟದ ಜನರನ್ನು ಎಷ್ಟರಮಟ್ಟಿಗೆ ಮರೆತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ನಿರ್ಲಕ್ಷ್ಯದ ಕಾಲದಲ್ಲಿ ಜನರ ನಡುವೆ ಧರ್ಮಶ್ರದ್ಧೆಯನ್ನು ಉಳಿಸಿದವರು ತಮ್ಮ ಎದುರಾಳಿ ಪಂಗಡವಾದ ಮೆಥಡಿಸ್ಟರು ಎಂಬುದನ್ನು ಅಟ್ಕಿನ್‌ಸನ್ ಮುಚ್ಚಿಡದೆ ಒಪ್ಪಿಕೊಂಡರು. ಒಂದು ಪಂಗಡದ ಪಾದ್ರಿ ಇನ್ನೊಂದು ಪಂಗಡದ ಬಗ್ಗೆ ಹೀಗೆ ಬರೆಯುವುದು ಆ ಕಾಲದಲ್ಲಿ ಸಣ್ಣ ವಿಷಯವಾಗಿರಲಿಲ್ಲ.

ಮನೆಗಳು ಒಂದಕ್ಕೊಂದು ದೂರ. ರೈಲು ಇನ್ನೂ ಬಂದಿರಲಿಲ್ಲ. ಕಣಿವೆಯಿಂದ ಕಣಿವೆಗೆ ಹೋಗಲು ಒಂದೊಂದೇ ಚಪ್ಪಡಿ ಕಲ್ಲು ಹಾಸಿದ ಕಿರಿದಾದ ದಾರಿಗಳಿದ್ದವು. ವಿಟ್ಬಿ ಕಡೆಯಿಂದ ಉಪ್ಪು, ಮೀನು ಹೇರಿಕೊಂಡು ಬರುತ್ತಿದ್ದ ಕುದುರೆಗಳು ತುಳಿದು ತುಳಿದು ಆ ಕಲ್ಲುಗಳು ನಡುವೆ ಸವೆದಿದ್ದವು. ಅಟ್ಕಿನ್‌ಸನ್ ಈ ದಾರಿಗಳಲ್ಲಿ ನಡೆದರು. ಪಾದ್ರಿಯ ಕೆಲಸಕ್ಕಾಗಿಯೇ ತಾವು 70 ಸಾವಿರ ಮೈಲಿಗಿಂತ ಹೆಚ್ಚು ನಡೆದಿರಬಹುದೆಂದು ಅವರು ಮುಂದೆ ಲೆಕ್ಕ ಹಾಕಿದರು. 1900ರಲ್ಲಿ ತೀರಿಕೊಳ್ಳುವವರೆಗೆ, 53 ವರ್ಷ ಅವರು ಆ ಊರನ್ನು ಬಿಡಲಿಲ್ಲ. ಅಲ್ಲಿನ ಜೀವನವನ್ನು ಕುರಿತು 1891ರಲ್ಲಿ ಅವರು ಪ್ರಕಟಿಸಿದ 'ಮೂರ್‌ಲ್ಯಾಂಡ್ ಪ್ಯಾರಿಷ್ ಒಂದರಲ್ಲಿ ನಲವತ್ತು ವರ್ಷ' ಎಂಬ ಅರ್ಥದ ಹೆಸರಿನ ಪುಸ್ತಕ ಇಂದಿಗೂ ಓದುಗರನ್ನು ಉಳಿಸಿಕೊಂಡಿದೆ.

ಉಪದೇಶಿಸಲು ಬಂದವರು ಕೇಳಿಸಿಕೊಂಡರು

ಜನರ ಮಾತು ಅವರಿಗೆ ಮೊದಮೊದಲು ಅರ್ಥವಾಗಲಿಲ್ಲ. ಪೇಟೆಯವರು ಆ ಮಾತನ್ನು ಹಳ್ಳಿಗಾಡಿನ ಒರಟು ಇಂಗ್ಲಿಷ್ ಎಂದು ನಗುತ್ತಿದ್ದರು. ಅಟ್ಕಿನ್‌ಸನ್ ನಗಲಿಲ್ಲ, ಬರೆದುಕೊಂಡರು. ತೊರೆಗೆ ಈ ಜನ 'ಬೆಕ್' ಎನ್ನುತ್ತಿದ್ದರು, ಚರ್ಚಿಗೆ 'ಕಿರ್ಕ್', ಮನೆಯ ಅಂಗಳಕ್ಕೆ 'ಗಾರ್ಥ್'. ಮಕ್ಕಳು ಆಡುವುದಕ್ಕೆ 'ಲೇಕ್' ಎಂಬ ಕ್ರಿಯಾಪದವಿತ್ತು. ಇವುಗಳಿಗೆ ಹತ್ತಿರದ ನಂಟರು ಸಿಗುವುದು ಡೇನಿಷ್ ಮತ್ತು ಇತರ ಉತ್ತರದ ಭಾಷೆಗಳಲ್ಲಿ. ಅಂದರೆ ಒರಟು ಎಂದು ನಗೆಗೀಡಾದ ಮಾತಿನಲ್ಲಿ ಸಾವಿರ ವರ್ಷಗಳ ಚರಿತ್ರೆ ಅಡಗಿತ್ತು. ಕೂಲಿಯವರು, ಕುರಿ ಕಾಯುವವರು, ಅಡುಗೆಮನೆಯ ಹೆಂಗಸರು ಅದನ್ನು ತಿಳಿಯದೆಯೇ ಕಾಪಾಡಿಕೊಂಡು ಬಂದಿದ್ದರು. 1868ರಲ್ಲಿ ಅಟ್ಕಿನ್‌ಸನ್ ಈ ಆಡುಮಾತಿನ ದೊಡ್ಡ ನಿಘಂಟನ್ನೇ ಹೊರತಂದರು. ಎರಡು ವರ್ಷಗಳ ನಂತರ, 1870ರ ಶಿಕ್ಷಣ ಕಾನೂನಿನಿಂದ ಹಳ್ಳಿಹಳ್ಳಿಗೂ ಶಾಲೆ ಬಂತು. ಓದು ಬರಹ ಬಂದದ್ದು ದೊಡ್ಡ ಲಾಭ. ಆದರೆ ಶಾಲೆ ಕಲಿಸಿದ್ದು ಪುಸ್ತಕದ ಇಂಗ್ಲಿಷ್. ಮನೆಯ ಮಾತು ಮನೆಯಲ್ಲೇ ಉಳಿಯಬೇಕಾಯಿತು.

ಭಾಷೆಯ ಬಾಗಿಲು ತೆರೆದ ಮೇಲೆ ನಂಬಿಕೆಗಳ ಬಾಗಿಲೂ ತೆರೆಯಿತು. ಅದು ಸುಲಭವಾಗಿ ಆಗಲಿಲ್ಲ. ಓದಿದವರ ಮುಂದೆ ಈ ಜನ ಬಾಯಿ ಬಿಡುತ್ತಿರಲಿಲ್ಲ, ನಗುತ್ತಾರೆಂಬ ಭಯ. ಕೇಳುವವನ ಮುಖದಲ್ಲಿ ಒಂದು ಸಣ್ಣ ವ್ಯಂಗ್ಯ ಕಂಡರೂ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಟ್ಕಿನ್‌ಸನ್ ವರ್ಷಗಟ್ಟಲೆ ಕಾದರು.

ಆಗ ಒಬ್ಬ ಮುದುಕಿ ಹಾಬ್‌ನ ಕಥೆ ಹೇಳಿದಳು. ಹಾರ್ಟ್ ಹಾಲ್ ಎಂಬ ಒಕ್ಕಲುಮನೆಯಲ್ಲಿ ಹಾಬ್ ಎಂಬ ಒಂದು ಕುಳ್ಳ ಜೀವಿ ಇತ್ತಂತೆ. ಹಗಲು ಯಾರಿಗೂ ಕಾಣದು. ರಾತ್ರಿ ಬಂದು ಕಾಳು ಬಡಿಯುವುದು, ಹುಲ್ಲು ಒಟ್ಟುವುದು ಎಲ್ಲವನ್ನೂ ಮಾಡಿಟ್ಟು ಹೋಗುತ್ತಿತ್ತು. ಒಮ್ಮೆ ಹುಲ್ಲಿನ ಗಾಡಿಯ ಚಕ್ರ ಕಲ್ಲುಗಳ ನಡುವೆ ಸಿಕ್ಕಿಕೊಂಡು ಗಂಡಸರೆಲ್ಲ ಸೇರಿ ಎತ್ತಿದರೂ ಬರದಿದ್ದಾಗ, ರಾತ್ರಿ ಹಾಬ್ ಒಬ್ಬನೇ ಅದನ್ನು ಬಿಡಿಸಿಟ್ಟ. ಮನೆಯವರು ಕದ್ದು ನೋಡಿದಾಗ ಪಾಪ, ಅವನ ಮೈಮೇಲೆ ಬಟ್ಟೆಯೇ ಇರಲಿಲ್ಲ. ಕನಿಕರದಿಂದ ಒಂದು ಅಂಗಿ ಹೊಲಿಸಿಟ್ಟರು, ಆದರೆ ಒರಟು ನಾರಿನ ಬಟ್ಟೆಯದ್ದು. ಹಾಬ್ ಅದನ್ನು ಮುಟ್ಟಿ ನೋಡಿ, ಇಷ್ಟು ದುಡಿದವನಿಗೆ ಇಂಥ ಅಂಗಿಯೇ ಎಂದು ಮುನಿಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಇದನ್ನು ಮಕ್ಕಳ ಕಥೆ ಎಂದು ಬದಿಗಿಡಬಹುದು. ಆದರೆ ಕಥೆ ಹೇಳಿದ ಜನ ಯಾರೆಂಬುದನ್ನು ನೆನೆದರೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಆ ಸೀಮೆಯಲ್ಲಿ ಪ್ರತಿ ನವೆಂಬರ್‌ನಲ್ಲಿ ಕೂಲಿಯಾಳುಗಳ ಸಂತೆ ನಡೆಯುತ್ತಿತ್ತು. ಹನ್ನೆರಡು ಹದಿಮೂರು ವಯಸ್ಸಿನ ಹುಡುಗ ಹುಡುಗಿಯರು ಪೇಟೆಯ ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಒಡೆಯರು ಬಂದು ಮಾತಾಡಿಸಿ, ಮುಂಗಡವಾಗಿ ಒಂದು ನಾಣ್ಯ ಕೊಟ್ಟರೆ ವರ್ಷದ ಕರಾರು ಮುಗಿಯಿತು. ಕತ್ತಲಲ್ಲಿ ಎದ್ದು, ಕತ್ತಲಲ್ಲಿ ಮಲಗುವ ದುಡಿಮೆ. ಕೂಲಿ ಸಾಲದೆಂದು ಬಾಯಿಬಿಟ್ಟು ಹೇಳಲಾಗದವರು ಅದನ್ನು ಹಾಬ್‌ನ ಬಾಯಲ್ಲಿ ಹೇಳಿಸಿದರೇನೋ ಎಂದು ನಮಗೆ ಅನ್ನಿಸುತ್ತದೆ.

ಜೇನಿನ ನಂಬಿಕೆಯೂ ಹಾಗೆಯೇ ಮನಸ್ಸನ್ನು ತಟ್ಟುತ್ತದೆ. ಮನೆಯಲ್ಲಿ ಯಾರಾದರೂ ಸತ್ತರೆ ಮನೆಯವರೊಬ್ಬರು ಹೋಗಿ ಜೇನುಗೂಡುಗಳ ಮುಂದೆ ನಿಂತು ಆ ಸುದ್ದಿಯನ್ನು ಹೇಳಬೇಕು. ಗೂಡಿಗೆ ಕಪ್ಪು ಬಟ್ಟೆಯ ಚೂರು ಕಟ್ಟಬೇಕು. ಸಾವಿನ ಊಟದಲ್ಲಿ ಬಡಿಸಿದ್ದರಲ್ಲಿ ಒಂದಿಷ್ಟನ್ನು ಜೇನಿಗೂ ಇಡಬೇಕು. ಹೇಳದೆ ಬಿಟ್ಟರೆ ಜೇನುಗಳು ಸಾಯುತ್ತವೆ, ಇಲ್ಲವೇ ಗೂಡು ಬಿಟ್ಟು ಹೋಗುತ್ತವೆ ಎಂದು ಜನ ನಂಬಿದ್ದರು. ಮನೆಯ ಅನ್ನಕ್ಕೆ ನೆರವಾದ ಜೀವಿಗಳಿಗೂ ಮನೆಯ ದುಃಖದಲ್ಲಿ ಪಾಲಿದೆ ಎಂಬ ತಿಳಿವಳಿಕೆ ಅದು. ನಂಬಿಕೆಯನ್ನು ಒಪ್ಪದವರೂ ಅದರ ಹಿಂದಿನ ಸೌಜನ್ಯವನ್ನು ಅಲ್ಲಗಳೆಯಲಾರರು.

ಎಲ್ಲ ನಂಬಿಕೆಗಳೂ ಹೀಗೆ ಸೌಮ್ಯವಾಗಿರಲಿಲ್ಲ. ಮಾಟಗಾತಿಯರ ಭಯ ಆ ಕಣಿವೆಗಳಲ್ಲಿ ಆಳವಾಗಿತ್ತು. ಹಸು ಹಾಲು ಕೊಡದಿದ್ದರೆ, ಬೆಣ್ಣೆ ಕಟ್ಟದಿದ್ದರೆ, ಕರು ಸತ್ತರೆ ಸಂಶಯ ಹೋಗುತ್ತಿದ್ದುದು ಊರ ಅಂಚಿನಲ್ಲಿ ಒಂಟಿಯಾಗಿದ್ದ ಬಡ ಮುದುಕಿಯ ಮೇಲೆ. ಆಕೆ ಮೊಲದ ರೂಪದಲ್ಲಿ ಓಡಾಡುತ್ತಾಳೆ, ಮೊಲಕ್ಕೆ ಬೆಳ್ಳಿಯ ಗುಂಡು ಹೊಡೆದರೆ ಮಾರನೆಯ ದಿನ ಮುದುಕಿಯ ಮೈಮೇಲೆ ಗಾಯ ಕಾಣುತ್ತದೆ ಎಂಬ ಕಥೆಗಳಿದ್ದವು. ಮಾಟದ ಆರೋಪದ ಮೇಲೆ ಗಲ್ಲಿಗೇರಿಸುವುದನ್ನು 1735ರ ಕಾನೂನು ಕೊನೆಗೊಳಿಸಿತ್ತು. ಕಾನೂನು ಹೋದರೂ ಭಯ ಹೋಗಲಿಲ್ಲ. ದನಕರುಗಳಿಗೆ ರೋಗ ಬಂದರೆ ಜನ ಸ್ಟೋಕ್ಸ್‌ಲಿ ಪಟ್ಟಣದ 'ಜಾಣ'ನೆಂದು ಹೆಸರಾದ ಜಾನ್ ರೈಟ್‌ಸನ್ ಎಂಬ ಮಂತ್ರವಾದಿಯ ಬಳಿಗೆ ಓಡುತ್ತಿದ್ದರು. ಮನೆಯ ಒಲೆಯ ಪಕ್ಕದ ಓಕ್ ಮರದ ಕಂಬದ ಮೇಲೆ ಅಡ್ಡಗೆರೆಗಳ ಗುರುತು ಕೆತ್ತಿಡುತ್ತಿದ್ದರು. ಅವನ್ನು ಈಗ ಮಾಟಗಾತಿ ಕಂಬಗಳೆಂದು ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಅಂಥ ಕಂಬಗಳು ಸಿಕ್ಕಿರುವುದು ಬಹುತೇಕ ಈ ಬೆಟ್ಟಸೀಮೆಯಲ್ಲೇ. ಡ್ಯಾನ್‌ಬಿಯ ಸ್ಟ್ಯಾಂಗ್ ಎಂಡ್ ಎಂಬ ಹಳೆಯ ಮನೆಯಲ್ಲೂ ಒಂದು ಕಂಬವಿತ್ತು. ಆ ಮನೆಯನ್ನು ಈಗ ಹಟನ್-ಲೆ-ಹೋಲ್ ಎಂಬ ಊರಿನ ಜಾನಪದ ವಸ್ತುಸಂಗ್ರಹಾಲಯದಲ್ಲಿ ಮರುಜೋಡಿಸಿ ಇಟ್ಟಿದ್ದಾರೆ. ಒಂದೇ ಸೂರಿನಡಿ ಒಂದು ತುದಿಯಲ್ಲಿ ಮನುಷ್ಯರು, ಇನ್ನೊಂದು ತುದಿಯಲ್ಲಿ ದನಗಳು ಬದುಕುತ್ತಿದ್ದ ಉದ್ದನೆಯ ಮನೆಗಳ ಕಾಲವನ್ನು ಅದು ನೆನಪಿಸುತ್ತದೆ.

ಅಟ್ಕಿನ್‌ಸನ್ ಈ ಕಥೆಗಳನ್ನು ನಂಬಿದವರಲ್ಲ. ಆದರೆ ಹೇಳಿದವರನ್ನು ಸುಳ್ಳರೆಂದೂ ಮೂಢರೆಂದೂ ತಳ್ಳಿಹಾಕಲಿಲ್ಲ. ಅವರ ಪುಸ್ತಕ ಇಂದಿಗೂ ಬೆಲೆಬಾಳುವುದಕ್ಕೆ ಇದೇ ಕಾರಣವೆಂದು ನಾವು ತಿಳಿಯುತ್ತೇವೆ.

ಮೂರ್ ಯಾರದು?

ಈ ಬೆಟ್ಟಗಳನ್ನು ನೋಡಿದವರು ಇದು ಮನುಷ್ಯನ ಕೈ ಸೋಕದ ಕಾಡುನೆಲ ಎಂದುಕೊಳ್ಳುತ್ತಾರೆ. ನಿಜ ಬೇರೆಯೇ ಇದೆ. ಜೌಗು ಮಣ್ಣಿನ ಪದರಗಳಲ್ಲಿ ಉಳಿದ ಪರಾಗವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇಲ್ಲಿ ಒಂದು ಕಾಲಕ್ಕೆ ಮರಗಳ ಕಾಡಿತ್ತೆಂದು ತೋರಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯರು ಆ ಕಾಡನ್ನು ಕಡಿದು, ಸುಟ್ಟು, ಉತ್ತು, ದನ ಮೇಯಿಸಿದರು. ಮಣ್ಣು ಸಾರ ಕಳೆದುಕೊಂಡಿತು, ಹೆದರ್ ಪೊದೆ ಹಬ್ಬಿತು. ಆಮೇಲೂ ಕುರಿಗಳ ಮೇವು ಮತ್ತು ಬೆಂಕಿ ಮರಗಳನ್ನು ಮತ್ತೆ ಬೆಳೆಯಗೊಡಲಿಲ್ಲ. ಮೂರ್ ಕೂಡ ಒಂದು ರೀತಿಯಲ್ಲಿ ಮನುಷ್ಯನ ಕೈಕೆಲಸವೇ.

ಆ ಆದಿಯ ಒಕ್ಕಲಿಗರು ತಮ್ಮ ಸತ್ತವರನ್ನು ಬೆಟ್ಟದ ನೆತ್ತಿಯಲ್ಲಿ ಮಣ್ಣಿನ ದಿಬ್ಬಗಳಡಿ ಇಟ್ಟಿದ್ದರು. ಅಟ್ಕಿನ್‌ಸನ್ ಈ ಸೀಮೆಯಲ್ಲಿ ಅಂಥ 80ರಿಂದ 100 ದಿಬ್ಬಗಳನ್ನು ಅಗೆಸಿದರು. ಸಿಕ್ಕ ಮಡಕೆಗಳು, ಅಸ್ಥಿ ತುಂಬಿದ ಪಾತ್ರೆಗಳಲ್ಲಿ ಹಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಇಲ್ಲಿ ಅವರ ಬಗ್ಗೆ ನಮಗೆ ಕಸಿವಿಸಿಯಾಗುತ್ತದೆ. ತಮ್ಮ ಚರ್ಚಿನ ಅಂಗಳದ ಒಂದು ಗೋರಿಯನ್ನೂ ಕೆದಕಲು ಬಿಡದ ಪಾದ್ರಿ, ಮೂರು ನಾಲ್ಕು ಸಾವಿರ ವರ್ಷ ಹಳೆಯ ಗೋರಿಗಳನ್ನು ನಿಸ್ಸಂಕೋಚವಾಗಿ ತೆರೆದರು. ಜೀವಂತ ಮುದುಕಿಯ ಮುಂದೆ ತೋರಿದ ಸಂಯಮ ಸತ್ತವರ ಮುಂದೆ ಉಳಿಯಲಿಲ್ಲ. ಆ ಕಾಲದ ಪಂಡಿತರೆಲ್ಲ ಹಾಗೆಯೇ ಇದ್ದರು ಎಂಬುದು ವಿವರಣೆ ಆಗಬಹುದು, ಸಮರ್ಥನೆ ಆಗಲಾರದು.

ಬದುಕಿರುವವರಿಗೆ ಮೂರ್ ಎಂದರೆ ಗೋಮಾಳ. ಒಡೆತನ ಪ್ರಭುವಿನದ್ದಾದರೂ, ಕುರಿ ಮೇಯಿಸುವ, ಒಲೆಗೆ ಜೌಗುಮಣ್ಣಿನ ಹೆಂಟೆ ಕಡಿಯುವ, ದನದ ಹಾಸಿಗೆಗೆ ಜರಿಗಿಡ ಕೊಯ್ಯುವ ಹಕ್ಕು ಒಕ್ಕಲುಮನೆಗಳಿಗಿತ್ತು. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಕಾನೂನುಗಳ ಮೂಲಕ ಇಂಥ ಸುಮಾರು 68 ಲಕ್ಷ ಎಕರೆ ಊರೊಟ್ಟಿನ ನೆಲಕ್ಕೆ ಬೇಲಿ ಹಾಕಿಸಿ ಖಾಸಗಿಯವರಿಗೆ ಕೊಟ್ಟಿತು. ಮೇಯಿಸಲು ಜಾಗ ಕಳೆದುಕೊಂಡ ಬಡವರು ಕೂಲಿಗಳಾದರು, ಗಿರಣಿಗಳ ಪಟ್ಟಣ ಸೇರಿದರು. ಡ್ಯಾನ್‌ಬಿಯ ಎತ್ತರದ ಮೂರ್ ಮಾತ್ರ ಬೇಲಿಯಿಲ್ಲದೆ ಉಳಿಯಿತು. ಉಳುಮೆಗೆ ಬಾರದ ಬಡ ನೆಲವಾದುದೇ ಅದರ ಅದೃಷ್ಟ.

ಈ ಹಕ್ಕುಗಳನ್ನು ನೋಡಿಕೊಳ್ಳಲು ಕೋರ್ಟ್ ಲೀಟ್ ಎಂಬ ಊರಿನ ನ್ಯಾಯಸಭೆ ಇದೆ. ಮಧ್ಯಯುಗದಲ್ಲಿ ಹುಟ್ಟಿದ ಈ ಸಭೆಗಳು ಇಂಗ್ಲೆಂಡಿನ ಬಹುಪಾಲು ಕಡೆ ಅಳಿದುಹೋಗಿವೆ. 1977ರ ಕಾನೂನು ಅವುಗಳ ನ್ಯಾಯಾಧಿಕಾರವನ್ನು ತೆಗೆದುಹಾಕಿದರೂ ಕೆಲವು ಸಭೆಗಳಿಗೆ ರೂಢಿಯ ಕೆಲಸ ಮುಂದುವರಿಸಲು ಬಿಟ್ಟಿತು. ಡ್ಯಾನ್‌ಬಿಯ ಸಭೆ ಇಂದಿಗೂ ಹಳೆಯ ಕೋಟೆಯ ಒಂದು ಕೋಣೆಯಲ್ಲಿ ಸೇರುತ್ತದೆ. ಗೋಮಾಳದ ಅಂಚನ್ನು ಯಾರಾದರೂ ಒತ್ತುವರಿ ಮಾಡಿದ್ದಾರೆಯೇ, ಅದರ ಮೇಲೆ ದಾರಿಯನ್ನೋ ನೀರಿನ ಕೊಳವೆಯನ್ನೋ ಹಾಯಿಸಿದವರು ಸಲ್ಲಬೇಕಾದ ಸಣ್ಣ ಶುಲ್ಕ ಕೊಟ್ಟಿದ್ದಾರೆಯೇ ಎಂದು ವಿಚಾರಿಸುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಈ ನೆಲ ಎಲ್ಲರದು ಎಂಬುದನ್ನು ಊರು ತನಗೆ ತಾನೇ ನೆನಪಿಸಿಕೊಳ್ಳುತ್ತದೆ.

ಬೇಲಿಯಿಲ್ಲದ ಬೆಟ್ಟದಲ್ಲಿ ಕುರಿಗಳು ಚದುರಿ ಹೋಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಹೋಗುವುದಿಲ್ಲ. ಒಂದೊಂದು ಮಂದೆಗೂ ತನ್ನ ಮೇವಿನ ಎಲ್ಲೆ ಗೊತ್ತು. ತಾಯಿ ಕುರಿ ತನ್ನ ಜೊತೆಗೆ ಮೇಯುವ ಮರಿಗೆ ಅದನ್ನು ಕಲಿಸುತ್ತದೆ, ಆ ಮರಿ ಮುಂದೆ ತನ್ನ ಮರಿಗೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಉತ್ತರ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳಲ್ಲಿ ಇಂಥ ಮಂದೆಗಳನ್ನು ಕೊಲ್ಲಬೇಕಾಗಿ ಬಂದಾಗ ಕುರಿಗಾರರು ಅತ್ತದ್ದು ಬರೀ ನಷ್ಟಕ್ಕಲ್ಲ. ಪರಿಹಾರದ ಹಣದಿಂದ ಬೇರೆ ಕುರಿ ಕೊಳ್ಳಬಹುದು, ತಲೆಮಾರುಗಳ ಆ ತಿಳಿವಳಿಕೆಯನ್ನು ಕೊಳ್ಳಲಾಗುವುದಿಲ್ಲ.

ಬದಲಾದ ಊರು

1865ರಲ್ಲಿ ಎಸ್ಕ್ ಕಣಿವೆಯ ಉದ್ದಕ್ಕೂ ರೈಲು ಓಡಿತು. ಹೊರಗಿನ ಸರಕು ಬಂತು, ಊರಿನ ಮಕ್ಕಳು ಹೊರಗೆ ಹೋದರು. ಪಕ್ಕದ ರೋಸ್‌ಡೇಲ್ ಕಣಿವೆಯಲ್ಲಿ 1856ರಿಂದ 1926ರವರೆಗೆ ಕಬ್ಬಿಣದ ಅದಿರಿನ ಗಣಿಗಳು ನಡೆದು ನಿಂತುಹೋದವು. ಡ್ಯಾನ್‌ಬಿಯ ನೆತ್ತಿಯಲ್ಲಿ ಹಿಂದೆ ಶತ್ರುಗಳ ಸುಳಿವು ಕೊಡಲು ಬೆಂಕಿ ಹಚ್ಚುತ್ತಿದ್ದ ಒಂದು ದಿಬ್ಬವಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ರೇಡಾರ್ ಕೇಂದ್ರ ಎದ್ದಿತು. 1940ರ ಫೆಬ್ರವರಿ 3ರಂದು ಈ ಕೇಂದ್ರ ಸುಳಿವು ಕೊಟ್ಟ ಜರ್ಮನ್ ವಿಮಾನವನ್ನು ವಿಟ್ಬಿ ಬಳಿ ಹೊಡೆದುರುಳಿಸಲಾಯಿತು. ಆ ಯುದ್ಧದಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಬಿದ್ದ ಮೊದಲ ಶತ್ರು ವಿಮಾನ ಅದು. 1952ರಲ್ಲಿ ಇಡೀ ಬೆಟ್ಟಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 1955ರಲ್ಲಿ ಡ್ಯಾನ್‌ಬಿ ಡೇಲ್‌ನಲ್ಲಿ ಬಾಟನ್ ಎಂಬ ಸಮುದಾಯ ಗ್ರಾಮ ಹುಟ್ಟಿತು. ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವವರು ಇತರರೊಂದಿಗೆ ಸೇರಿ ಹೊಲ, ಕುಶಲಕೆಲಸ ಮಾಡಿಕೊಂಡು ಬದುಕುವುದಕ್ಕೆಂದು ಅದನ್ನು ಕಟ್ಟಿದರು. ಪ್ರಭುಗಳ ಕೋಟೆಯನ್ನು ನೆನಪಿಟ್ಟುಕೊಂಡ ಚರಿತ್ರೆ ಇಂಥ ಪ್ರಯತ್ನಗಳನ್ನೂ ನೆನಪಿಟ್ಟುಕೊಳ್ಳಬೇಕು.

ಈಗ ಈ ಸೀಮೆಗೆ ಪ್ರವಾಸಿಗರು ಬರುತ್ತಾರೆ, ನೇರಳೆ ಬೆಟ್ಟದ ಚಿತ್ರ ತೆಗೆದುಕೊಳ್ಳುತ್ತಾರೆ. ಹಳೆಯ ಒಕ್ಕಲುಮನೆಗಳಲ್ಲಿ ಕೆಲವು ರಜೆಯ ಮನೆಗಳಾಗಿವೆ. ಮನೆ ಉಳಿಯಿತು, ಒಲೆಯ ಮುಂದಿನ ಮಾತು ಉಳಿಯಲಿಲ್ಲ.

ಬರೆದವರು, ಹೇಳಿದವರು

ಅಟ್ಕಿನ್‌ಸನ್ ಪುಸ್ತಕದ ಒಂದು ಕೊರತೆಯನ್ನು ಹೇಳಲೇಬೇಕು. ಅವರಿಗೆ ಕಥೆ ಹೇಳಿದ ಅನೇಕರು ಆ ಪುಟಗಳಲ್ಲಿ 'ಒಬ್ಬ ಮುದುಕಿ', 'ಒಬ್ಬ ಹಳೆಯ ಒಕ್ಕಲಿಗ' ಎಂದಷ್ಟೇ ಬರುತ್ತಾರೆ. ಕೇಳಿಸಿಕೊಂಡವರ ಹೆಸರು ಮುಖಪುಟದಲ್ಲಿದೆ, ಹೇಳಿದವರ ಹೆಸರು ಇಲ್ಲ. ಪಾದ್ರಿಗೆ ಹೇಳಬಾರದೆಂದು ಅವರು ನುಂಗಿಕೊಂಡದ್ದು ಎಷ್ಟಿತ್ತೋ! ಒಡೆಯನ ಮೇಲಿನ ಸಿಟ್ಟು, ಮಾಟಗಾತಿಯೆನಿಸಿಕೊಂಡ ಹೆಂಗಸಿನ ಒಂಟಿತನ, ಸಂತೆಯಲ್ಲಿ ನಿಂತ ಹುಡುಗಿಯ ಭಯ, ಇವನ್ನೆಲ್ಲ ಪ್ರಭುವಿನಿಂದ ನೇಮಕಗೊಂಡವರ ಮುಂದೆ ಯಾರು ತಾನೇ ಬಿಚ್ಚಿಡುತ್ತಾರೆ? 1953ರಲ್ಲಿ ಜೋಸೆಫ್ ಫೋರ್ಡ್ ಎಂಬ ಅದೇ ಸೀಮೆಯವರ ನೆನಪುಗಳೂ ಡ್ಯಾನ್‌ಬಿ ಪ್ಯಾರಿಷ್‌ನ ಜನಪದ ಕಥೆಗಳೂ ಪುಸ್ತಕವಾಗಿ ಬಂದವು. ಪಾದ್ರಿಯ ಪುಸ್ತಕದ ಪಕ್ಕದಲ್ಲಿ ಒಳಗಿನವರ ಪುಸ್ತಕವೂ ಇರುವುದು ಒಳ್ಳೆಯದು.

ಇಷ್ಟಾದರೂ ಆ ಪಾದ್ರಿಯ ಋಣ ದೊಡ್ಡದು. ಅವರು ಆ ಊರಿಗೆ ಕಾಲಿಟ್ಟಾಗ ಅಜ್ಞಾನಿಗಳಿಗೆ ಕಲಿಸಲು ಬಂದಿದ್ದೇನೆಂದು ಭಾವಿಸಿರಬಹುದು. ಐವತ್ತು ವರ್ಷ ನಡೆದ ಮೇಲೆ, ತಿಳಿಯದೆ ಬಂದವರು ತಾವೇ ಎಂಬುದು ಅವರಿಗೆ ಅರ್ಥವಾಗಿತ್ತು. ಒಂದು ಊರಿನ ಚರಿತ್ರೆ ಬರೆಯಲು ಕೋಟೆ, ಶಾಸನ, ಕಂದಾಯದ ಲೆಕ್ಕ ಬೇಕು. ಅದರ ಜೊತೆಗೆ ಒಲೆಯ ಮುಂದೆ ಕೂತು, ನಗದೆ, ಅವಸರಪಡದೆ ಕೇಳಿಸಿಕೊಳ್ಳುವ ಕಿವಿಯೂ ಬೇಕು. ಬಡವರ ಮನೆಯ ದಾಖಲೆ ಇರುವುದು ನಾಲಗೆಯ ಮೇಲೆ. ಆ ನಾಲಗೆ ಮಣ್ಣು ಸೇರಿದ ದಿನ ಪುಸ್ತಕವೂ ಮಣ್ಣು ಸೇರುತ್ತದೆ.

ಡ್ಯಾನ್‌ಬಿಯ ಜನ ಮನೆಯಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಜೇನುಗೂಡಿನ ಮುಂದೆ ಹೋಗಿ ಸುದ್ದಿ ಹೇಳುತ್ತಿದ್ದರು. ಹೋದವರ ಜೊತೆ ಹೋದದ್ದೇನು ಎಂದು ಉಳಿದವರಿಗೆ ತಿಳಿಸುವ ಕೆಲಸ ಚರಿತ್ರೆ ಬರೆಯುವವರದೂ ಹೌದು. ಆದರೆ ಅದಕ್ಕೂ ಮೊದಲು, ಅವರು ಬದುಕಿರುವಾಗಲೇ ಹೋಗಿ ಅವರ ಪಕ್ಕದಲ್ಲಿ ಕೂರಬೇಕು.